ಅಪ್ಪನನ್ನು ತಮ್ಮನಿಗೆ ಒಪ್ಪಿಸಿದ ದಿನ

ಆರು ತಿಂಗಳಿಂದ ಮುಂದೂಡುತ್ತ ಬಂದಿದ್ದ ನನ್ನ ಹಲ್ಲಿನ ಚಿಕಿತ್ಸೆಗೆ ಕೊನೆಗೂ ದಿನ ಗೊತ್ತಾದಾಗ, ಆ ಒಂದು ದಿನದ ಮಟ್ಟಿಗೆ ಅಪ್ಪನನ್ನು ನೋಡಿಕೊಳ್ಳಲು ಬಾ ಎಂದು ತಮ್ಮನನ್ನು ಕೇಳಿದೆ. ಅಪ್ಪನಿಗೆ ಆಲ್‌ಝೈಮರ್ ಕಾಯಿಲೆಯೆಂದು ವೈದ್ಯರು ಹೇಳಿ ಆಗಲೇ 3 ವರ್ಷ ಕಳೆದಿತ್ತು. ವಾರಕ್ಕೊಮ್ಮೆ ಫೋನ್ ಮಾಡುವ ತಮ್ಮನಿಗೆ ಮಾತ್ರ ಅದು ಪೂರ್ತಿ ನಂಬಿಕೆಯಾಗಿರಲಿಲ್ಲ. ‘ಅಪ್ಪ ಚೆನ್ನಾಗೇ ಮಾತಾಡಿದರಲ್ಲ ಅಕ್ಕ’ ಎನ್ನುತ್ತಿದ್ದ. ಅದು ಅವನ ತಪ್ಪೂ ಅಲ್ಲ. ಮರೆಗುಳಿತನವಿರುವ ಎಷ್ಟೋ ಜನ ಐದು ನಿಮಿಷದ ಮಾತುಕತೆಯನ್ನು ‘ಹೌದಾ, ಸರಿ, ಆರೋಗ್ಯ ನೋಡಿಕೋ’ ಎಂಬ ರೂಢಿಯ ಮಾತುಗಳಲ್ಲೇ ದಾಟಿಸಿಬಿಡುತ್ತಾರೆ. ಫೋನ್ ಇಟ್ಟ ಮೇಲೆ ‘ಯಾರದು ಮಾತಾಡಿದ್ದು?’ ಎಂದು ಅಪ್ಪ ಕೇಳುತ್ತಿದ್ದುದು ನನ್ನನ್ನು.

ಹಿಂದಿನ ರಾತ್ರಿ ಅವನಿಗಾಗಿ ಸೂಚನೆಗಳನ್ನು ಬರೆಯಲು ಕುಳಿತೆ. ಒಂದು ಹಾಳೆ ಸಾಕೆಂದುಕೊಂಡದ್ದು ನಾಲ್ಕಾಯಿತು. ‘ನಾನು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡ. ಹಿಂದಿನಿಂದ ಕರೆಯಬೇಡ, ಎದುರು ಕುಳಿತು ಒಂದು ಸಲಕ್ಕೆ ಒಂದೇ ಮಾತು ಹೇಳು. ಸಂಜೆಯಾದಂತೆ ಚಡಪಡಿಕೆ ಹೆಚ್ಚುತ್ತದೆ, ಕತ್ತಲಾಗುವ ಮೊದಲೇ ದೀಪ ಹಾಕು, ಮೂಲೆಯ ನೆರಳನ್ನು ಅವರು ಮನುಷ್ಯನೆಂದು ಹೆದರುತ್ತಾರೆ. ಅಂಗಿ ತೊಡಿಸುವಾಗ ಎಡತೋಳು ಮೊದಲು. ತೀರಿಕೊಂಡವರನ್ನು ಕೇಳಿದರೆ ಸಾವಿನ ಸುದ್ದಿ ಹೇಳಬೇಡ, ಹೊಸ ನೆನಪನ್ನು ಹಿಡಿದಿಡುವ ಮಿದುಳಿನ ಭಾಗವೇ ಈ ಕಾಯಿಲೆಯಲ್ಲಿ ಮೊದಮೊದಲು ಸೊರಗುವುದರಿಂದ ಆ ಸುದ್ದಿ ಉಳಿಯುವುದಿಲ್ಲ, ಕೇಳಿದಷ್ಟು ಸಲವೂ ಅವರು ಹೊಸದಾಗಿ ಅಳುತ್ತಾರೆ. ಈ ಕೊನೆಯದನ್ನು ನಾನು ಕಲಿತದ್ದು ಅಪ್ಪನನ್ನು ಹಲವು ಸಲ ಅಳಿಸಿದ ಮೇಲೆ. ಬರೆಯುತ್ತ ಹೋದಂತೆ, ಇದಿಷ್ಟೂ ಇಷ್ಟು ದಿನ ನನ್ನ ತಲೆಯೊಂದರಲ್ಲೇ ಇತ್ತಲ್ಲ ಎಂದು ದಿಗಿಲಾಯಿತು.

ಡಿಮೆನ್ಶಿಯಾ, ಅಂದರೆ ಮರೆಗುಳಿತನ, ಇರುವವರ ಆರೈಕೆಗೆ ಮನೆಯವರು ದಿನಕ್ಕೆ ಸರಾಸರಿ 5 ಗಂಟೆ ಕೊಡುತ್ತಾರೆಂದೂ ಆ ಗಂಟೆಗಳಲ್ಲಿ ಶೇಕಡ 70ರಷ್ಟು ಹೆಂಗಸರದೆಂದೂ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದನ್ನೂ ಹಾಳೆಯ ಕೆಳಗೆ ಬರೆದು, ಜಗಳಕ್ಕೆ ನಿಂತಂತಾಗುತ್ತದೆಂದು ಹೊಡೆದುಹಾಕಿದೆ.

ಚಿಕಿತ್ಸಾಲಯದಲ್ಲಿ ವಸಡಿಗೆ ಚುಚ್ಚುಮದ್ದು ಕೊಟ್ಟು, ಜೋಮು ಹಿಡಿಯುವ ತನಕ ಸುಮ್ಮನೆ ಒರಗಿಕೊಳ್ಳಿ ಎಂದರು. ಎಚ್ಚರವಾದಾಗ ದಂತವೈದ್ಯೆ ನನ್ನ ಭುಜ ಅಲುಗಿಸುತ್ತಿದ್ದರು. ಆ ಕುರ್ಚಿಯಲ್ಲಿ ನಿದ್ದೆ ಹೋದವರನ್ನು ಅವರು ಹೆಚ್ಚು ಕಂಡಿರಲಾರರು.

ಸಂಜೆ ಮನೆಗೆ ಬಂದಾಗ ಹಗಲು ಇನ್ನೂ ಇತ್ತು, ದೀಪಗಳೂ ಉರಿಯುತ್ತಿದ್ದವು. ಅಪ್ಪ ನೆಲದ ಮೇಲೆ ಕುಳಿತು ಟವೆಲುಗಳನ್ನು ಮಡಚುತ್ತಿದ್ದರು. ನಲವತ್ತು ವರ್ಷ ದರ್ಜಿಯಾಗಿದ್ದವರು; ಅಂಚಿಗೆ ಅಂಚು ಕೂಡಿಸಿ, ಹೆಬ್ಬೆರಳಿನಿಂದ ಗೀರಿ ಮಡಿಕೆ ಕೂರಿಸುವುದನ್ನು ಅವರ ಕೈ ಇನ್ನೂ ಮರೆತಿರಲಿಲ್ಲ. ಮಡಚಿದ್ದನ್ನು ಒಳಕೋಣೆಗೆ ಒಯ್ದು, ಬಿಚ್ಚಿ ಕೆದರಿ, ತಮ್ಮ ಮತ್ತೆ ತಂದು ಮುಂದಿಡುತ್ತಿದ್ದ. ನನ್ನ ನಾಲ್ಕು ಹಾಳೆಗಳಲ್ಲಿ ಈ ಉಪಾಯ ಇರಲಿಲ್ಲ.

‘ಅಪ್ಪ ನನ್ನನ್ನ ಅವರ ಅಣ್ಣ ಅಂದುಕೊಂಡಿದ್ದಾರೆ ಅಕ್ಕ’ ಎಂದ ಮೆಲ್ಲಗೆ. ‘ಮೊದಲು ಅಲ್ಲ ಅಂದೆ. ಆಮೇಲೆ ಹೂಂ ಅಂದೆ.’ ಅವನ ಕಣ್ಣು ಕೆಂಪಾಗಿತ್ತು. ದೊಡ್ಡಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಷ್ಟರಲ್ಲಿ ಅಪ್ಪ ತಲೆಯೆತ್ತಿ ನನ್ನನ್ನು ನೋಡಿ, ‘ಅಣ್ಣಾ, ಯಾರೋ ಬಂದಿದ್ದಾರೆ, ಕೂರೋಕೆ ಹೇಳು’ ಎಂದರು. ಇಡೀ ದಿನ ಅಪ್ಪ ನಾನಿಲ್ಲದೆ ನೆಮ್ಮದಿಯಾಗಿಯೇ ಇದ್ದರೆಂಬುದು ಸಮಾಧಾನದ ಸಂಗತಿಯೇ ಆದರೂ, ಎಲ್ಲೋ ಒಂದು ಕಡೆ ಚುಚ್ಚಿತೆಂದು ಒಪ್ಪಿಕೊಳ್ಳಬೇಕು.

ತಿಂಗಳಿಗೊಂದು ಭಾನುವಾರ ಬರುತ್ತೇನೆಂದು ಹೇಳಿ ತಮ್ಮ ಹೊರಟ. ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿಡುವಾಗ ನೋಡಿದರೆ, ಎರಡನೆಯದರಲ್ಲಿ ‘ಎಡತೋಳು ಮೊದಲು’ ಎಂಬುದರ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದ: ‘ಎಡಭುಜ ಎತ್ತಿದರೆ ಮುಖ ಕಿವುಚುತ್ತಾರೆ. ಬಲತೋಳು ಮೊದಲಾದರೆ ಸಲೀಸು.’ ಮರುದಿನ ಬೆಳಿಗ್ಗೆ ಬಲತೋಳಿನಿಂದಲೇ ಶುರುಮಾಡಿದೆ.