ಔಷಧಿ ಹಾಕಿದರೂ ಮೀನು ಮತ್ತೆ ಸಾಯುವುದೇಕೆ?

ಬೇಲೂರು, ಆಲೂರು, ಚನ್ನರಾಯಪಟ್ಟಣದ ಕಡೆ ಹೊಂಡದಲ್ಲಿ ಮೀನು ಸಾಕುವವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಸಾರ್, ಔಷಧಿ ಕೊಟ್ಟ ಮೇಲೆ ಸಾಯುವುದು ನಿಂತಿತ್ತು. ಈಗ ಮತ್ತೆ ಶುರುವಾಗಿದೆ. ಔಷಧಿ ನಕಲಿಯೇ?"

ನಕಲಿ ಇದ್ದರೂ ಇರಬಹುದು. ಆದರೆ ಅಸಲಿ ಔಷಧಿಯ ಕೈಗೂ ಸುಲಭಕ್ಕೆ ಸಿಗದ ಜಾಗದಲ್ಲಿ ಕೆಲವು ರೋಗಾಣುಗಳು ಕೂತಿರುತ್ತವೆ. ಆ ಜಾಗ, ರೋಗಾಣುವನ್ನು ಕೊಲ್ಲಬೇಕಾದ ಜೀವಕೋಶದ ಒಡಲೇ.

ಸತ್ತ ಕಾಟ್ಲಾದ ಹೊಟ್ಟೆ ಸೀಳಿ, ಕರುಳನ್ನೂ ಗಾಳಿಚೀಲವನ್ನೂ ಸರಿಸಿದರೆ ಬೆನ್ನುಮೂಳೆಗೆ ಅಂಟಿದ ಕಡುಗೆಂಪು ಪಟ್ಟಿ ಕಾಣುತ್ತದೆ. ಅದು ಮೂತ್ರಪಿಂಡ. ರಕ್ತ ಹುಟ್ಟಿಸುವ ಮೂಳೆಮಜ್ಜೆ ಮೀನಿಗಿಲ್ಲ. ಆ ಕೆಲಸವನ್ನು ಈ ಮೂತ್ರಪಿಂಡದ ಮುಂಭಾಗವೇ ಮಾಡುತ್ತದೆ. ಎಡ್ವರ್ಡ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಹತ್ತಿದ್ದರೆ ಆ ಕೆಂಪಿನ ನಡುವೆ ಅಕ್ಕಿನುಚ್ಚಿನಂಥ ಬಿಳಿ ಗಂಟುಗಳು ಕಾಣಿಸಬಹುದು.

ರೋಗಾಣುವನ್ನು ನುಂಗುವ ಕೋಶಕ್ಕೆ ಮ್ಯಾಕ್ರೋಫೇಜ್ ಎನ್ನುತ್ತಾರೆ. ನುಂಗಿದ್ದನ್ನು ಅದು ಚೀಲವೊಂದರಲ್ಲಿ ಕೂಡಿಹಾಕಿ, ಒಳಗೆ ಆಮ್ಲ ತುಂಬಿ, ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷ ಸುರಿಯುತ್ತದೆ. ಎಡ್ವರ್ಡ್ಸಿಯೆಲ್ಲಾ ಕ್ಯಾಟಲೇಸ್ ಎಂಬ ಕಿಣ್ವದಿಂದ ಆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದುಬಿಡುತ್ತದೆ. (ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ಬುಸುಬುಸು ನೊರೆ ಏಳುವುದು ನಮ್ಮ ರಕ್ತದ ಕ್ಯಾಟಲೇಸ್‌ನಿಂದ.) ಕ್ಯಾಟ್‌ಫಿಶ್‌ಗಳನ್ನು ಕಾಡುವ ಎಡ್ವರ್ಡ್ಸಿಯೆಲ್ಲಾ ಇಕ್ಟಾಲುರಿಯಂತೂ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು ಆಮ್ಲವನ್ನೇ ತಗ್ಗಿಸುತ್ತದೆ. ಅದಕ್ಕಿಂತ ನನ್ನನ್ನು ಬೆರಗಾಗಿಸುವುದು ಇನ್ನೊಂದು: ಆಮ್ಲ ಏರಿ ಫಾಸ್ಫೇಟ್ ಇಳಿದ ಕೂಡಲೇ ತಾನು ಕೋಶದೊಳಗೆ ಬಂದಿದ್ದೇನೆಂದು ಅದಕ್ಕೆ ಸುಳಿವು ಸಿಗುತ್ತದೆ. ಆಗ ಸೂಜಿಯಂಥ ಅಂಗವನ್ನು ಕಟ್ಟಿಕೊಂಡು, ಅದರ ಮೂಲಕ ತನ್ನ ಪ್ರೋಟೀನುಗಳನ್ನು ಮ್ಯಾಕ್ರೋಫೇಜ್‌ಗೆ ಚುಚ್ಚಿ, ಅಲ್ಲೇ ಮರಿ ಮಾಡುತ್ತದೆ. ಕೊಲ್ಲಲೆಂದು ಕೊಟ್ಟ ಕಷ್ಟವೇ ಅದಕ್ಕೆ ಅಪ್ಪಣೆ!

ಇದಕ್ಕೆ ಬಿಸಿಲಿನ ಲೆಕ್ಕವೂ ಇದೆ. ಎಡ್ವರ್ಡ್ಸಿಯೆಲ್ಲಾದ ಈ ಚುಚ್ಚುವ ವ್ಯವಸ್ಥೆ 20 ಡಿಗ್ರಿಗಿಂತ ಕೆಳಗೆ ಅಡಗಿರುತ್ತದೆ, 23ರಿಂದ 35 ಡಿಗ್ರಿಯಲ್ಲಿ ಚುರುಕಾಗುತ್ತದೆ. ಧನುರ್ಮಾಸದ ಚಳಿಯಲ್ಲಿ ತಣ್ಣಗಿದ್ದ ಹೊಂಡ ಶಿವರಾತ್ರಿ ಕಳೆದು ಕಾಯತೊಡಗಿದಾಗ ಮೈಯೆಲ್ಲ ಕಣ್ಣಾಗಿರಬೇಕು.

ಈಗ ಔಷಧಿಯ ವಿಷಯ. ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮುಖ್ಯವಾಗಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ಉಳಿದದ್ದನ್ನು ಮುಗಿಸಬೇಕಾದದ್ದು ಮೀನಿನ ರಕ್ಷಣಾ ಕೋಶಗಳೇ. ಅವುಗಳೊಳಗೇ ಶತ್ರು ಬಿಡಾರ ಹೂಡಿದ್ದರೆ ಮುಗಿಸುವವರು ಯಾರು? ಸಾಲದ್ದಕ್ಕೆ ಔಷಧಿ ಬೆರೆಸಿದ ಆಹಾರವನ್ನು ಕಾಯಿಲೆ ಬಿದ್ದ ಮೀನು ಮುಟ್ಟುವುದೇ ಇಲ್ಲ, ಗಟ್ಟಿಯಾಗಿರುವ ಮೀನು ತಿಂದು ತೇಗುತ್ತದೆ. ಹೀಗೆ ಬದುಕುಳಿದ ರೋಗಾಣುಗಳು ತಣ್ಣಗೆ ಕಾಯುತ್ತಿರುತ್ತವೆ. ಹೊಂಡದಲ್ಲಿ ಮೀನು ಕಿಕ್ಕಿರಿದರೆ, ಬಲೆ ಎಳೆದರೆ, ಬೆಳಗಿನ ಜಾವ ಆಮ್ಲಜನಕ ಸಾಲದೆ ಮೀನು ಮೇಲೆ ಬಂದು ಬಾಯಿ ಬಿಟ್ಟರೆ, ಅದರ ಮೈಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿ ರಕ್ಷಣೆ ಕುಸಿಯುತ್ತದೆ. ಸಾವು ಮತ್ತೆ ಶುರುವಾಗುವುದು ಆಗಲೇ.

ಎಲ್ಲ ಸಾವೂ ಇದರಿಂದಲೇ ಅಲ್ಲ. ಹೊಟ್ಟೆ ಊದಿ ಹುರುಪೆ ನಿಗುರುವ ಜಲೋದರದಲ್ಲಿ ಏರೋಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮೇಲೆ ಅನುಮಾನ ಹೆಚ್ಚು. ಆದ್ದರಿಂದ ಎರಡನೇ ಸುತ್ತು ಔಷಧಿ ಕೊಳ್ಳುವ ಮೊದಲು ಪರೀಕ್ಷೆ ಮಾಡಿಸಿ. ಸತ್ತು ತೇಲಿದ ಮೀನನ್ನು ಚೀಲದಲ್ಲಿ ತರಬೇಡಿ, ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೇ ತುಂಬಿರುತ್ತವೆ. ಇನ್ನೂ ಉಸಿರಾಡುತ್ತಿರುವ, ದಡದ ಬಳಿ ಮಂಕಾಗಿ ನಿಂತಿರುವ ಮೀನು ಬೇಕು.