ಪಟಾಕಿಗೆ ಹೆದರಿ ಓಡಿದ ನಾಯಿಯನ್ನು ಹುಡುಕುವ ಬಗೆ

ದೀಪಾವಳಿ ಪಟಾಕಿಗೆ ಬೆದರಿ ಓಡಿದ ನಾಯಿ ಸಾಮಾನ್ಯವಾಗಿ ಎಲ್ಲಾದರೂ ಅಡಗಿಕೊಳ್ಳುತ್ತದೆ. ನಿಂತ ಕಾರಿನಡಿ, ಮೋರಿ ಚಪ್ಪಡಿ ಕೆಳಗೆ, ಕಟ್ಟುತ್ತಿರುವ ಮನೆಯೊಳಗೆ ಬಗ್ಗಿ ಟಾರ್ಚ್ ಬಿಡಿ. ಕತ್ತಲಲ್ಲಿ ಎರಡು ಕಣ್ಣು ಹೊಳೆದರೆ ಅಲ್ಲೇ ಕೂತುಬಿಡಿ. ಅಟ್ಟಿಸಿಕೊಂಡು ಹೋಗಲೇಬೇಡಿ, ಗಾಬರಿಯಲ್ಲಿ ಅದು ಮನೆಯವರನ್ನೂ ಗುರುತಿಸದೆ ರಸ್ತೆಗೆ ನುಗ್ಗಬಹುದು. ಪಕ್ಕಕ್ಕೆ ತಿರುಗಿ ಕೂತು, ಬೇಯಿಸಿದ ಕೋಳಿ ತುಂಡು ಎಸೆಯುತ್ತಾ, ತಾನಾಗೇ ಹತ್ತಿರ ಬರಲಿ ಅಂತ ಕಾಯಿರಿ. ಗಲಾಟೆಯಿಲ್ಲದ ಬೆಳಗಿನ ಜಾವವೇ ಒಳ್ಳೆಯ ಹೊತ್ತು. ಹಾಲು, ಪೇಪರ್ ಹಾಕುವವರಿಗೆ, ಪೌರಕಾರ್ಮಿಕರಿಗೆ ಫೋಟೊ ತೋರಿಸಿ. ಬೀದಿನಾಯಿಗಳಿಗೆ ಊಟ ಹಾಕುವವರನ್ನಂತೂ ಮರೆಯಬೇಡಿ, ಹೊಸ ನಾಯಿ ಬಂದರೆ ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಕದ್ದಿದ್ದಾರೆ ಅನಿಸಿದರೆ ಸಿಸಿಟಿವಿ ಅವತ್ತೇ ನೋಡಿ, ತಡವಾದರೆ ದೃಶ್ಯ ಅಳಿಸಿಹೋಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಅಡಿ ಕಳ್ಳತನದ ದೂರು ಕೊಡಿ. ಲಸಿಕೆ ಪುಸ್ತಕ, ನಾಯಿಯ ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರ್ ಜೊತೆಗಿರಲಿ. ನಾಯಿ ಕಳೆದಿದೆ ಅಂತ ಅಂಟಿಸುವ ಪೋಸ್ಟರಿನಲ್ಲಿ ಒಂದು ಗುರುತನ್ನು ಬೇಕೆಂದೇ ಹೇಳದೆ ಬಿಡಿ, ಬಲಗಾಲಿನ ಒಂದೇ ಬಿಳಿ ಉಗುರಿನಂಥದ್ದು. ದುಡ್ಡು ಕೇಳಿ ಫೋನ್ ಮಾಡುವವರು ಮೊದಲು ಅದನ್ನು ಹೇಳಲಿ.