ಯುದ್ಧ ಕಂಡವರ ಪಾಪನಿವೇದನೆ: ಫಾದರ್‌ಗಳಿಗೂ ಮನೆಯವರಿಗೂ

ತೋಟದಲ್ಲಿ ಮಂಗ ಓಡಿಸಲು ಗರ್ನಲ್ ಹೊಡೆದಾಗ ಬೆಚ್ಚಿಬೀಳುವ ಮಾಜಿ ಸೈನಿಕರನ್ನು ಮಲೆನಾಡಿನವರು ಬೇಗ ಗುರುತಿಸುತ್ತಾರೆ. ಅದು ಭಯದ ಗಾಯ. ಇನ್ನೊಂದು ಗಾಯ ಹಾಗೆ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೊತ್ತವರು ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಾರೆ, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ, ಪರಮಪ್ರಸಾದಕ್ಕೆ ಜನ ಸಾಲು ನಿಲ್ಲುವ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆ. ವರ್ಷಗಟ್ಟಲೆ ಹೀಗೇ. ಭಯದ ಗಾಯದಲ್ಲಿ ‘ನನಗೇನಾದರೂ ಆದೀತು’ ಎಂಬ ಅಂಜಿಕೆ ಇರುತ್ತದೆ. ಇಲ್ಲಿರುವುದು ‘ನಾನು ಎಂಥವನಾಗಿಬಿಟ್ಟೆ’ ಎಂಬ ನಾಚಿಕೆ. ಇದಕ್ಕೆ ನೈತಿಕ ಗಾಯ ಎನ್ನುತ್ತಾರೆ.

ಶಿವಮೊಗ್ಗ ಕಡೆಯ ಧರ್ಮಕೇಂದ್ರಗಳಿಗೆ ಈ ಮಾತು ಈಗಲೇ ಬೇಕು. 1987–90ರಲ್ಲಿ ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋದವರು ಅರವತ್ತರ ಆಸುಪಾಸಿನಲ್ಲಿದ್ದಾರೆ, 1999ರ ಕಾರ್ಗಿಲ್ ಕಂಡವರು ಅವರ ಹಿಂದೆಯೇ ಬರುತ್ತಿದ್ದಾರೆ. ನಿವೃತ್ತಿಯಾಗಿ, ಮಕ್ಕಳ ಮದುವೆಯೂ ಮುಗಿದು ಕೈ ಖಾಲಿಯಾದಾಗ, ಅದರಲ್ಲೂ ಮಳೆಗಾಲದ ಒಂಟಿಮನೆಯಲ್ಲಿ, ಹಳೆಯದೆಲ್ಲ ಮೇಲೆ ಬರುತ್ತದೆ.

ಮೊದಲು ಗಾಯ ಯಾವುದೆಂದು ತಿಳಿಯಬೇಕು. ವಿಯೆಟ್ನಾಂ ಯುದ್ಧದ ಯೋಧರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ ಒತ್ತಿ ಹೇಳಿದ್ದು ಮೇಲಿನವರು ಮಾಡಿದ ದ್ರೋಹವನ್ನು. 2009ರಲ್ಲಿ ಮನಶ್ಶಾಸ್ತ್ರಜ್ಞ ಬ್ರೆಟ್ ಲಿಟ್ಜ್ ಮತ್ತು ಸಂಗಡಿಗರು ತಾನೇ ಮಾಡಿದ್ದು, ತಡೆಯಲಾಗದ್ದು, ಕಣ್ಣಾರೆ ಕಂಡದ್ದು ಎಲ್ಲವನ್ನೂ ಸೇರಿಸಿದರು. ಇದು ಪುಸ್ತಕದ ವಿಂಗಡಣೆ ಮಾತ್ರವಲ್ಲ. ತನ್ನ ಕೈಯಿಂದಾದದ್ದು ಕೊರೆಯುತ್ತಿರುವವರಿಗೆ ಬೈಬಲಿನ 51ನೇ ಕೀರ್ತನೆಯೂ ಪಾಪನಿವೇದನೆಯೂ ದಾರಿ. ಮೋಸಹೋದವರನ್ನು ಪಾಪನಿವೇದನೆಗೆ ಕೂರಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಅವರಿಗೆ ಬೇಕಾದ್ದು ಜೊತೆಗಿದ್ದವನೇ ಮಾಡಿದ ದ್ರೋಹಕ್ಕೆ ಗೋಳಿಡುವ 55ನೇ ಕೀರ್ತನೆ. ಕತ್ತಲಲ್ಲೇ ಮುಗಿಯುವ 88ನೆಯದನ್ನೂ ಓದಲಿ, ಅದಕ್ಕೆ ಸಮಾಧಾನದ ಮಾತು ಜೋಡಿಸಬೇಡಿ.

ಒಳ್ಳೆಯ ಮನಸ್ಸಿನಿಂದಲೇ ಆಗುವ ದೊಡ್ಡ ತಪ್ಪೆಂದರೆ ‘ನೀವು ಡ್ಯೂಟಿ ಮಾಡಿದ್ದು ಅಷ್ಟೇ, ಬಿಡಿ’ ಎನ್ನುವುದು. ಹೇಳಲು ಬಾಯಿ ತೆರೆದವರು ಅಲ್ಲಿಗೇ ಮುಚ್ಚಿಕೊಳ್ಳುತ್ತಾರೆ. ಹಳೆಯ ಧರ್ಮಸಭೆ ಇಷ್ಟು ಹಗುರವಾಗಿ ಮಾತಾಡಲಿಲ್ಲ. ನಾಲ್ಕನೇ ಶತಮಾನದ ಸಂತ ಬೆಸಿಲ್, ಯುದ್ಧದಲ್ಲಿ ಕೊಂದದ್ದನ್ನು ಕೊಲೆಪಾತಕವೆಂದು ಹಿರಿಯರು ಎಣಿಸಲಿಲ್ಲ ಎನ್ನುತ್ತಲೇ, ಅಂಥವರು 3 ವರ್ಷ ಪರಮಪ್ರಸಾದದಿಂದ ದೂರವಿರುವುದು ಒಳ್ಳೆಯದೇನೋ ಎಂದರು. ಇಂಗ್ಲೆಂಡಿನಲ್ಲಿ 1066ರ ಹೇಸ್ಟಿಂಗ್ಸ್ ಕದನ ಗೆದ್ದವರಿಗೇ ಬಿಷಪರು ಪ್ರಾಯಶ್ಚಿತ್ತ ವಿಧಿಸಿದರು: ಕೊಂದ ಒಬ್ಬೊಬ್ಬನಿಗೂ 1 ವರ್ಷ, ತಮ್ಮ ಬಾಣಕ್ಕೆ ಎಷ್ಟು ಜನ ಬಿದ್ದರೆಂದು ತಿಳಿಯದ ಬಿಲ್ಲಾಳುಗಳಿಗೆ 3 ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ಕಾಲ). ಶೆಲ್ ಎಲ್ಲಿ ಬಿತ್ತೋ ಎಂದು ಇಂದಿಗೂ ಕೊರಗುವ ಫಿರಂಗಿದಳದವರ ಸಂಕಟ ಆ ಬಿಲ್ಲಾಳುಗಳದ್ದೇ. ಈ ಕಟ್ಟಳೆಗಳನ್ನು ಇಂದು ಹೇರಬೇಕಿಲ್ಲ, ಯಾರನ್ನೂ ಪ್ರಸಾದದಿಂದ ದೂರವಿಡಲೂ ಬೇಕಿಲ್ಲ. ಆದರೆ ಅವು ಆದದ್ದಕ್ಕೆ ತೂಕ ಕೊಟ್ಟವು, ಜೊತೆಗೆ ಅವಧಿಯನ್ನೂ ಕೊಟ್ಟವು. ನಾವು ಇವೆರಡನ್ನೂ ಕೈಬಿಟ್ಟಿದ್ದೇವೆ.

ಕೂತು ಮಾತಾಡುವಾಗ ‘ಎಷ್ಟು ಜನರನ್ನು ಕೊಂದಿರಿ’ ಎಂದು ಕೇಳಲೇಬಾರದು. ‘ಯಾವುದು ಬಿಟ್ಟುಹೋಗ್ತಾ ಇಲ್ಲ?’ ಎಂದರೆ ಸಾಕು. ಮೊದಲ ಎರಡು ಮೂರು ಸಲ ಒಂದು ಗಂಟೆ ಕೇಳಿಸಿಕೊಳ್ಳಿ, ಬೈಬಲ್ ತೆರೆಯಬೇಡಿ.

ಆಮೇಲೆ ಒಂದು ಬಿಳಿ ಹಾಳೆ ಕೊಡಿ. ಆ ಒಂದು ಘಟನೆಯಲ್ಲಿ ಪಾಲಿದ್ದವರನ್ನೆಲ್ಲ ಬರೆಯಲಿ: ಆದೇಶ ಕೊಟ್ಟವರು, ತಪ್ಪು ಮಾಹಿತಿ ತಂದವರು, ಎದುರಿನಿಂದ ಗುಂಡು ಹಾರಿಸಿದವರು, ಕತ್ತಲು, ನಿದ್ದೆಗೇಡು. ತಮ್ಮ ಹೆಸರು ಕಟ್ಟಕಡೆಗೆ. ಪ್ರತಿಯೊಂದರ ಎದುರು ನೂರರಲ್ಲಿ ಎಷ್ಟು ಪಾಲೆಂದು ಹಾಕಲಿ. ತಮ್ಮ ಹೆಸರು ಮೊದಲು ಬರೆದರೆ ನೂರಕ್ಕೆ ನೂರೂ ಅಲ್ಲೇ ಬೀಳುತ್ತದೆ, ಉಳಿದವರಿಗೆ ಜಾಗವೇ ಇರುವುದಿಲ್ಲ. ಕೊನೆಗೆ ಉಳಿದದ್ದು ಹತ್ತೋ ಮೂವತ್ತೋ, ಅದನ್ನು ಸೊನ್ನೆ ಮಾಡಲು ಹೋಗಬೇಡಿ. ಪಾಪನಿವೇದನೆಗೆ ಒಯ್ಯಬೇಕಾದ್ದು ಅಷ್ಟೇ. ಹಾಳೆಯಲ್ಲಿ ಯೂನಿಟ್ ಹೆಸರು, ಜಾಗದ ಹೆಸರು ಬೇಡ. ಅದು ಅವರ ಬಳಿಯೇ ಇರಲಿ.

ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ; ಸೈನ್ಯದಲ್ಲಿದ್ದವರಿಗೆ ಈ ಭರವಸೆ ಬೇಕು. ಪ್ರಾಯಶ್ಚಿತ್ತಕ್ಕೆ ಮೂರು ‘ನಮೋ ಮರಿಯ’ ಸಾಲದು, ಕೊನೆಯಿಲ್ಲದ ವ್ರತವೂ ಬೇಡ. ಉದಾಹರಣೆಗೆ ಒಂದು ತಪಸ್ಸುಕಾಲ ಪೂರ್ತಿ ವಾರಕ್ಕೊಂದು ದಿನ ರೋಗಿಗಳ ಸೇವೆ, ನವೆಂಬರ್ 2ರ ಮೃತರ ಸ್ಮರಣೆಯಂದು ಎದುರಾಳಿಗಳ ಹೆಸರಿನಲ್ಲೂ ಒಂದು ಪೂಜೆ. ಮುಗಿಯುವ ತಾರೀಕು ಮೊದಲೇ ಗೊತ್ತಿರಲಿ. ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸಲು ಬಂದರೆ ಮತ್ತೊಂದು ಪ್ರಾಯಶ್ಚಿತ್ತ ಕೊಡದೆ, ಕ್ಷಮಾದಾನವಾದ ದಿನವನ್ನು ನೆನಪಿಸಿ.

ಆಗಸ್ಟ್ 15ಕ್ಕೆ ಕೇಳದೆ ವೇದಿಕೆಗೆ ಕರೆದು ಶಾಲು ಹೊದಿಸಬೇಡಿ. ಪ್ರಾರ್ಥನಾಕೂಟದಲ್ಲಿ ಸಾಕ್ಷಿ ಹೇಳಿಸಬೇಡಿ. ದೆವ್ವ ಬಿಡಿಸುವವರ ಹತ್ತಿರ ಕರೆದೊಯ್ಯುವುದು, ಮಾತ್ರೆ ನಿಲ್ಲಿಸಿ ಎನ್ನುವುದು ಜೀವಕ್ಕೇ ಅಪಾಯ. ನಿದ್ದೆಯಿಲ್ಲ, ಕುಡಿತ ಏರಿದೆ ಎಂದಾದರೆ ಫಾದರ್ ಜೊತೆಗೆ ಮನೋವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಇದೆ ಎಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳೆ ರಕ್ಷಣೆಗೆಂದು ಮನೆಯಲ್ಲಿಟ್ಟ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿ, ಕಳೆನಾಶಕದ ಕ್ಯಾನನ್ನು ಬೇರೆ ಮನೆಗೆ ಸಾಗಿಸಿ.